ಒಂದು ನೆಲಗುಬ್ಬಿ, ನೂರೆಂಟು ವಿಚಾರಣೆ

ಹುಲಿಯ ಫೋಟೋ ತೆಗೆಯುವವರಿಗೆ ಹುಲಿಯದ್ದೊಂದೇ ಕಾಟ. ನೆಲಗುಬ್ಬಿಯ ಫೋಟೋ ತೆಗೆಯುವವರಿಗೆ ಊರಿಗೆ ಊರೇ ಕಾಟ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಮೂರು ವರ್ಷದಿಂದ ಪ್ರತಿ ರವಿವಾರ ನನಗೆ ಒಂದಲ್ಲ ಒಂದು ಆಗುತ್ತಲೇ ಇದೆ. ಏನೂ ಆಗದ ರವಿವಾರ ಇದ್ದರೆ ಅವತ್ತು ಮಳೆ ಬಂದು ನಾನು ಮನೆಯಲ್ಲೇ ಕೂತಿದ್ದೆ ಎಂದು ಅರ್ಥ.

ನಾನು ಅಂಕೋಲೆಯ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸು ಮಾಸ್ತರ, ಹೆಂಗಸು ಅಕ್ಕೋರು. ಒಮ್ಮೆ ಅಕ್ಕೋರು ಆದಮೇಲೆ ಮುಗಿಯಿತು, ನಮ್ಮ ಸ್ವಂತ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿಯುತ್ತದೆ. ಮನೆ ಕಾರವಾರದ ಕೋಡಿಬಾಗದಲ್ಲಿ. ಮನೆಯಲ್ಲಿ ಗಂಡ ಇದ್ದಾರೆ, ಮೊಳದುದ್ದದ ಲೆನ್ಸಿನ ಒಂದು ಕ್ಯಾಮರಾ ಇದೆ. ಎರಡರಲ್ಲಿ ಯಾವುದನ್ನು ನಾನು ಹೆಚ್ಚು ಜೋಪಾನ ಮಾಡುತ್ತೇನೆ ಎಂಬುದರ ಬಗ್ಗೆ ಗಂಡನಿಗೆ ಅನುಮಾನ ಇಲ್ಲ.

ನೆಲಗುಬ್ಬಿ ಎಂದರೆ ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಗದ್ದೆಯ ಹೆಂಟೆಯದ್ದೇ ಬಣ್ಣ. ಕೊಯ್ಲಾದ ಗದ್ದೆಯಲ್ಲಿ, ಗುಡ್ಡದ ಹುಲ್ಲು ಬೇಣದಲ್ಲಿ ಓಡಾಡಿಕೊಂಡು ಇರುತ್ತದೆ. ಗೂಡು ಕಟ್ಟುವುದೂ ನೆಲದ ಮೇಲೆಯೇ. ಆದರೆ ಬೇಸಿಗೆ ಹತ್ತಿರ ಬಂತೆಂದರೆ ಗಂಡು ಹಕ್ಕಿ ಮೇಲೇರಿ, ಕಣ್ಣಿಗೆ ಚುಕ್ಕಿಯಾಗುವಷ್ಟು ಎತ್ತರದಲ್ಲಿ ಹಾರಾಡುತ್ತ ಹಾಡುತ್ತದೆ. ಆಮೇಲೆ ಕೆಳಗಿಳಿದು ಹೆಂಟೆಯ ಮೇಲೆ ಕೂತು, ಜುಟ್ಟು ನೆಟ್ಟಗೆ ಎಬ್ಬಿಸಿ, ಮರೆತುಹೋದದ್ದು ನೆನಪಾದ ಹಾಗೆ ಇನ್ನೊಂದು ಸಾಲು ಹಾಡುತ್ತದೆ. ಆ ಒಂದು ಸಾಲಿನ ಫೋಟೋ ನನಗೆ ಬೇಕು. ಜುಟ್ಟು ಎದ್ದಿರಬೇಕು, ಕೊಕ್ಕು ತೆರೆದಿರಬೇಕು. ನಾನು ಕೇಳಿದ್ದು ಇಷ್ಟೇ. ಇಷ್ಟನ್ನು ಈ ಎರಡು ತಾಲೂಕಿನ ಜನ ಸೇರಿ ನನಗೆ ಕೊಡಲಿಲ್ಲ.

ಹಕ್ಕಿ ಎಲ್ಲಿದೆ?

ಮೊದಲ ವರ್ಷ ಒಂದು ಫೋಟೋ ಸಿಕ್ಕಿತು. ಜುಟ್ಟು ಎದ್ದಿರಲಿಲ್ಲ, ಕೊಕ್ಕು ಮುಚ್ಚಿತ್ತು, ಆದರೂ ಹಕ್ಕಿ ಸ್ಪಷ್ಟವಾಗಿತ್ತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಶಾಲೆಗೆ ಒಯ್ದೆ. ನಮ್ಮ ಹೆಡ್ ಮಾಸ್ತರರು ಕನ್ನಡಕ ಏರಿಸಿ, ಇಳಿಸಿ ನೋಡಿ, "ಮಣ್ಣು ಭಾರೀ ಚಲೋ ಬಂದದೆ ಅಕ್ಕೋರೆ" ಎಂದರು.

"ಸರ್, ಅದು ಹಕ್ಕಿಯ ಫೋಟೋ."

"ಹೌದಾ? ಹಕ್ಕಿ ಹಾರಿಹೋದ ಮೇಲೆ ತೆಗೆದದ್ದಾ?"

ಬೆರಳಿಟ್ಟು ತೋರಿಸಿದೆ. ಅವರು ಹಕ್ಕಿಯ ಮೇಲೆ ಕರುಣೆ ಪಟ್ಟರೋ ನನ್ನ ಮೇಲೋ ತಿಳಿಯಲಿಲ್ಲ. "ಸುಂಕಸಾಳದ ಕಾಡಿನ ಬದಿಗೆ ಹೋಗಿ. ಅಲ್ಲಿ ಮಂಗಟ್ಟೆ ಸಿಗ್ತದೆ, ಇಷ್ಟುದ್ದ ಕೊಕ್ಕು, ಹಳದಿ, ಕಪ್ಪು, ಬಿಳಿ. ತೆಗೆದ್ರೆ ಅಂಥದ್ದು ತೆಗೀಬೇಕು" ಎಂದರು. ಮನೆಗೆ ಬಂದು ಗಂಡನಿಗೆ ತೋರಿಸಿದೆ. "ನಿನ್ನ ಕ್ಯಾಮರಾದಲ್ಲಿ ಕಲರ್ ಬರೂದಿಲ್ವಾ?" ಎಂದರು. ಅವತ್ತು ರಾತ್ರಿ ಸಾರಿಗೆ ಉಪ್ಪು ಹಾಕಲು ನಾನು ಮರೆತದ್ದು ಮರೆವಿನಿಂದ ಅಲ್ಲ.

ಮರುದಿನ ಬೆಳಿಗ್ಗೆ ಸದಾಶಿವಗಡದಿಂದ ಮೀನು ತರುವ ಹೆಂಗಸು ಬಂದಳು. ನಾನು ಅವಳಿಗೆ ಬಾಯಿ, ಅವಳು ನನಗೆ ಬಾಯಿ. ಬುಟ್ಟಿ ಇಳಿಸುವಾಗ ಮೇಜಿನ ಮೇಲಿದ್ದ ಫೋಟೋದತ್ತ ಕಣ್ಣು ಹಾಯಿಸಿ, ನಾನು ಏನೂ ಹೇಳುವ ಮೊದಲೇ, "ಅಗೋ, ಹಕ್ಕಿ ಕೂತದೆ!" ಎಂದಳು. ನನಗೆ ಕಣ್ಣೀರೇ ಬಂತು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನೊಗಲಿ ಮೀನು ಮರಳಲ್ಲಿ ಹಿಂಗೇ ಅಡಗೂದು. ನಮ್ಗೆ ಕಾಣ್ದೆ ಇನ್ಯಾರಿಗೆ ಕಾಣ್ತದೆ?" ಎಂದಳು. ಇಡೀ ಜಿಲ್ಲೆಗೆ ರಸಿಕಳೆಂದರೆ ಇವಳೊಬ್ಬಳೇ ಎಂದುಕೊಂಡು ಒಂದು ಲೋಟ ಚಾ ಕೊಟ್ಟೆ. ಚಾ ಕುಡಿಯುತ್ತ ಅವಳು ವಿಚಾರಣೆ ಶುರು ಮಾಡಿದಳು.

"ತಿನ್ನುಕೆ ಆಗ್ತದಾ ಬಾಯಿ?"

"ಇಲ್ಲಪ್ಪ."

"ಮತ್ತೆ ಎಂತ ಮಾಡ್ತದೆ?"

"ಹಾಡ್ತದೆ. ಬಹಳ ಚಂದ ಹಾಡ್ತದೆ."

ಅವಳು ಲೋಟ ಕೆಳಗಿಟ್ಟಳು. "ಹಾಡೂದನ್ನ ಯಾರಾದ್ರೂ ಫೋಟೋ ತೆಗೀತಾರಾ ಬಾಯಿ?"

ಸೀಬರ್ಡ್

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಪಕ್ಕ ಒಂದು ಬಯಲು ಇದೆ. ಅಲ್ಲಿ ನೆಲಗುಬ್ಬಿ ಹಾಡುವುದು ಬಸ್ಸಿನ ಕಿಟಕಿಯಿಂದಲೇ ಕೇಳಿಸಿತ್ತು. ಒಂದು ರವಿವಾರ ಸ್ಕೂಟರ್ ನಿಲ್ಲಿಸಿ ಇಳಿದೆ. ಹಕ್ಕಿ ಮೇಲಿತ್ತು. ಕೆಳಗಿಳಿಯುವುದನ್ನೇ ಕಾಯುತ್ತಿದ್ದೆ. ಹಕ್ಕಿ ಇಳಿಯುವ ಮೊದಲು ಮೋಟಾರ್ ಸೈಕಲ್ಲಿನಿಂದ ಪೊಲೀಸರೊಬ್ಬರು ಇಳಿದರು.

"ಮೇಡಂ, ಎಂತ ತೆಗೀತಾ ಇದ್ರಿ?"

"ಬರ್ಡ್" ಎಂದೆ. ಇಂಗ್ಲಿಷಿನಲ್ಲಿ ಹೇಳಿದರೆ ಮರ್ಯಾದೆ ಸಿಗುತ್ತದೆ ಎಂದುಕೊಂಡದ್ದು ನನ್ನ ತಪ್ಪು. ನಮ್ಮ ಊರಿನಲ್ಲಿ ನೌಕಾನೆಲೆಯ ಯೋಜನೆಗೆ ಹೆಸರೇ ಸೀಬರ್ಡ್, ಅದಕ್ಕೆ ಜಾಗ ಕಳೆದುಕೊಂಡ ಊರುಗಳೇ ಎಷ್ಟೋ.

ಅವರ ಮುಖ ಗಂಭೀರವಾಯಿತು. "ಸೀಬರ್ಡಾ?"

"ಅಯ್ಯೋ, ಸೀಬರ್ಡ್ ಅಲ್ಲ. ಲ್ಯಾಂಡು. ಲ್ಯಾಂಡಿನ ಬರ್ಡು."

"ಲ್ಯಾಂಡು ಸೀಬರ್ಡಿಗೆ ಹೋದದ್ದಾ? ನಿಮ್ದಾ?"

"ನಂದು ಯಾವ ಲ್ಯಾಂಡೂ ಎಲ್ಲಿಗೂ ಹೋಗಲಿಲ್ಲ! ನಾನು ಹಕ್ಕಿ ನೋಡ್ತಾ ಇದ್ದೇನೆ!"

ಕ್ಯಾಮರಾ ತೋರಿಸಿ ಎಂದರು. ತೋರಿಸಿದೆ. ಒಂದೊಂದೇ ಫೋಟೋ ಸರಿಸುತ್ತ ಹೋದರು. "ಇದು ಮಣ್ಣು. ಇದೂ ಮಣ್ಣೇ. ಇದು ಅದೇ ಮಣ್ಣು, ಸ್ವಲ್ಪ ಹತ್ರದಿಂದ." ಇನ್ನೂರು ಫೋಟೋ ಮುಗಿಯುವಷ್ಟರಲ್ಲಿ ಅವರ ಮುಖದಲ್ಲಿದ್ದ ಅನುಮಾನ ಹೋಗಿ ಮರುಕ ಬಂದಿತ್ತು. ಅಷ್ಟರಲ್ಲಿ ನನ್ನ ಹಕ್ಕಿ ಇಳಿಯಿತು, ಅವರ ಮೋಟಾರ್ ಸೈಕಲ್ಲಿನ ಆಚೆಗೆ ಕೂತು ಹಾಡಿತು, ಹಾರಿಹೋಯಿತು. ಕ್ಯಾಮರಾ ಅವರ ಕೈಯಲ್ಲೇ ಇತ್ತು.

"ಹೋದ ಜಾಗದ ಮಣ್ಣು ಮರೆಯೂದು ಕಷ್ಟವೇ ಮೇಡಂ. ನಮ್ಮ ಅತ್ತೆಯೂ ಹಿಂಗೇ, ಹೋಗಿ ಹೋಗಿ ದೂರದಿಂದ ನೋಡ್ಕಂಡು ಬತ್ತಾರೆ" ಎಂದು ಕ್ಯಾಮರಾ ಹಿಂದೆ ಕೊಟ್ಟು, ಜೇಬಿನಿಂದ ಚೀಟಿ ತೆಗೆದು ಒಂದು ಫೋನ್ ನಂಬರು ಬರೆದರು. "ಅತ್ತೆಯ ಕೇಸು ನಡ್ಸುವ ವಕೀಲ್ರು. ನನ್ನ ಹೆಸ್ರು ಹೇಳಿ. ಬಿಡೂದೇ ಬ್ಯಾಡಿ."

ಸರಕಾರಿ ಬೆರ್ಚಪ್ಪ

ಹೆದ್ದಾರಿಯ ಸಹವಾಸ ಬೇಡವೆಂದು ನಮ್ಮ ಶಾಲೆಯ ಹಿಂದಿನ ಗದ್ದೆಬಯಲಿಗೆ ಬಂದೆ. ಅಲ್ಲಿ ಒಬ್ಬ ಅಜ್ಜಿಯ ಗದ್ದೆ ಇದೆ. ಅರ್ಧದಲ್ಲಿ ಶೇಂಗಾ ಬಿತ್ತಿದ್ದಳು, ಉಳಿದರ್ಧ ಭತ್ತ ಕೊಯ್ದು ಖಾಲಿ ಬಿಟ್ಟಿದ್ದಳು. ಖಾಲಿ ಭಾಗದಲ್ಲಿ ನೆಲಗುಬ್ಬಿ ಜೋಡಿ ಇತ್ತು. ಅಜ್ಜಿಯ ಅಪ್ಪಣೆ ಪಡೆದು, ಮಣ್ಣುಬಣ್ಣದ ಹಳೇ ಚಾದರ ಹೊದ್ದು, ತಲೆಗೆ ಹುಲ್ಲಿನ ಟೊಪ್ಪಿ ಇಟ್ಟು, ಕೊಯ್ದ ಗದ್ದೆಯ ಅಂಚಿನಲ್ಲಿ ಅಲುಗಾಡದೆ ಕೂತೆ. ಒಂದು ತಾಸು ಕಳೆಯಿತು. ಹಕ್ಕಿ ನನ್ನಿಂದ ಹತ್ತು ಹೆಜ್ಜೆ ದೂರದ ಹೆಂಟೆಯ ಮೇಲೆ ಬಂದು ಕೂತಿತು. ಜುಟ್ಟು ಮೆಲ್ಲಗೆ ಏಳತೊಡಗಿತು.

ಆಗ ಡೇರಿಗೆ ಹಾಲು ಒಯ್ಯುವ ಇಬ್ಬರು ಗದ್ದೆಯ ಬದುವಿನ ಮೇಲೆ ನಿಂತರು.

"ಓ ಅಜ್ಜಿ, ಬೆರ್ಚಪ್ಪನ್ನ ಭಾರೀ ಮಾಡಿದ್ಯಲ್ಲೆ! ಥೇಟ್ ಮನುಷ್ರ ಹಂಗೇ ಅದೆ" ಎಂದ ಒಬ್ಬ, ಶೇಂಗಾದಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಗೆ. ಹೊಲಕ್ಕೆ ಕಾಗೆ ಹಂದಿ ಬರದಂತೆ ನಿಲ್ಲಿಸುವ ಬೆದರುಬೊಂಬೆಗೆ ನಮ್ಮಲ್ಲಿ ಬೆರ್ಚಪ್ಪ ಎನ್ನುತ್ತಾರೆ.

"ಮೂತಿ ಒಂಚೂರು ಸಿಟ್ಟಿಂದು ಆಯ್ತು" ಎಂದ ಇನ್ನೊಬ್ಬ. "ಆದ್ರೆ ಕಾಗೆಗೆ ಅದೇ ಬೇಕು."

ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಜುಟ್ಟು ಏಳುತ್ತಿತ್ತು. ಸಹಿಸಿಕೊಂಡು ಕೂತೆ. ಮೊದಲನೆಯವನು ಖಾತ್ರಿ ಮಾಡಿಕೊಳ್ಳಲು ಒಂದು ಸಣ್ಣ ಹೆಂಟೆ ಎತ್ತಿ ನನ್ನ ಟೊಪ್ಪಿಗೆ ಗುರಿಯಿಟ್ಟು ಎಸೆದ. ಹೆಂಟೆ ಟೊಪ್ಪಿಗೆ ತಾಗಿತು. ನಾನು "ಯಾರೋ ಅದು!" ಎಂದು ಶಾಲೆಯ ದನಿಯಲ್ಲಿ ಕೂಗಿಕೊಂಡು ಎದ್ದೆ. ಹಕ್ಕಿ ಹಾರಿತು. ಹಾಲಿನ ಕ್ಯಾನು ಬದುವಿನಿಂದ ಉರುಳಿತು. ಇಬ್ಬರೂ ಶೇಂಗಾ ತುಳಿದುಕೊಂಡು ಓಡಿದರು.

ದೂರದಲ್ಲಿ ನಿಂತು ಏದುಸಿರು ಬಿಡುತ್ತ, "ಅಜ್ಜೀ, ಇದೆಂತದೆ ನಿಂದು?" ಎಂದು ಕೂಗಿದರು.

"ನಂದಲ್ರೋ" ಎಂದಳು ಅಜ್ಜಿ ಕಳೆ ಕೀಳುತ್ತಲೇ. "ಅದು ಸರಕಾರದ್ದು. ಸಂಬ್ಳ ಅಲ್ಲಿಂದ್ಲೇ ಬತ್ತದೆ."

ಅಕ್ಕೋರು ಬಂದರೆಂದರೆ

ಚಾದರ ಬಿಟ್ಟೆ. ಮುಂದಿನ ವಾರ ಮರ್ಯಾದಸ್ಥರ ಹಾಗೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಮೇಲೆ ಕ್ಯಾಮರಾ ಇಟ್ಟು, ಪಕ್ಕದಲ್ಲಿ ಪುಸ್ತಕ ಪೆನ್ನು ಹಿಡಿದು ನಿಂತೆ. ಇದು ಇನ್ನೂ ದೊಡ್ಡ ತಪ್ಪಾಯಿತು.

ಸರಕಾರ ನನ್ನ ಕೈಯಲ್ಲಿ ಎಣಿಸದೆ ಬಿಟ್ಟದ್ದು ಯಾವುದೂ ಇಲ್ಲ. ಜನ ಎಣಿಸಿದ್ದೇನೆ, ಮನೆ ಎಣಿಸಿದ್ದೇನೆ, ಮತದಾರರನ್ನು, ಶಾಲೆ ಬಿಟ್ಟ ಮಕ್ಕಳನ್ನು, ಕಟ್ಟಿದ ಮತ್ತು ಕಟ್ಟದ ಶೌಚಾಲಯಗಳನ್ನು ಎಣಿಸಿದ್ದೇನೆ. ಅಕ್ಕೋರು ಪುಸ್ತಕ ಹಿಡಿದು ಬಯಲಿಗೆ ಬಂದರೆಂದರೆ ಸರ್ವೆ ಬಂತು ಎಂದು ಊರಿಗೆ ಗೊತ್ತು. ಕಾಲು ತಾಸಿನಲ್ಲಿ ಐದು ಜನ ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದು ನನ್ನ ಹಿಂದೆ ಸಾಲು ನಿಂತರು. ನಾನು ಕ್ಯಾಮರಾದಲ್ಲಿ ಕಣ್ಣಿಟ್ಟಿದ್ದೆ. ಒಬ್ಬ ಕೆಮ್ಮಿದ.

"ಹಿಂದಿನ ಸಲ ನಮ್ಮ ಸೊಸೆ ಹೆಸ್ರು ಬಿಟ್ಟುಹೋಗದೆ, ಅಕ್ಕೋರೆ."

"ಇದು ಸರ್ವೆ ಅಲ್ಲಪ್ಪ!"

ಇನ್ನೊಬ್ಬ ಸ್ಟ್ಯಾಂಡನ್ನು ಸುತ್ತು ಹಾಕಿ ನೋಡಿ, "ಹಂಗಾರೆ ರಸ್ತೆದ್ದು" ಎಂದು ನಿರ್ಧರಿಸಿದ. ನನ್ನ ಕಿವಿಯ ಹತ್ತಿರ ಬಂದು, "ನಿಮ್ಮ ಮಿಶನ್ನಿನ ಮೂತಿ ನಮ್ಮನೆ ಬದಿಗೆ ಅದೆ. ಒಂಚೂರು ಆ ಬದಿಗೆ ತಿರ್ಗ್ಸಿ, ಪುಣ್ಯ ಬತ್ತದೆ" ಎಂದ.

"ಆ ಬದಿಗೆ ಯಾರ ಮನೆ?"

"ಅದಾ? ನಮ್ಮ ಅಣ್ಣಂದು."

ನಾನು ತಲೆ ಚಚ್ಚಿಕೊಂಡು, "ನೋಡಿ, ನಾನು ಹಕ್ಕಿಗಾಗಿ ಬಂದದ್ದು. ಬರೇ ಹಕ್ಕಿ!" ಎಂದು ಕೂಗಿದೆ. ಝೆರಾಕ್ಸುಗಳು ಮೆಲ್ಲಗೆ ಜೇಬು ಸೇರಿದವು. ಸೊಸೆಯ ಹೆಸರಿನವನು ನಿಟ್ಟುಸಿರು ಬಿಟ್ಟು ಉಳಿದವರಿಗೆ ಹೇಳಿದ: "ಜನ ಮುಗೀತು, ಈಗ ಹಕ್ಕಿ ಗಣ್ತಿಯೂ ಶಾಲೆಯವ್ರಿಗೇ ಹಾಕಿದ್ರಂತೆ. ಪಾಪ, ಒಂದು ಎಳ್ನೀರು ತಂದ್ಕೊಡ್ರೋ."

ಸ್ಟೇ

ಇದು ಈ ವರ್ಷದ್ದು. ಅಜ್ಜಿಯ ಖಾಲಿ ಗದ್ದೆಯಲ್ಲಿ, ಒಂದು ಹುಲ್ಲಿನ ಬುಡದಲ್ಲಿ, ನೆಲಗುಬ್ಬಿ ಗೂಡು ಮಾಡಿ ಎರಡು ಮೊಟ್ಟೆ ಇಟ್ಟಿತು. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ದೂರದ ಬದುವಿನ ಮೇಲೆ ಕೂತು ನೋಡಿಕೊಂಡೆ, ಅಷ್ಟೇ. ಮೊಟ್ಟೆ ಒಡೆದು ಮರಿಗಳು ಗೂಡು ಬಿಡಲು ಮೂರು ವಾರವಾದರೂ ಬೇಕು.

ಎರಡನೇ ದಿನ ಬಯಲಿನ ಬಾಯಿಯಲ್ಲಿ ಬ್ಯಾನರ್ ಕಟ್ಟಿದ್ದು ಕಂಡಿತು. ಕ್ರಿಕೆಟ್ ಟೂರ್ನಮೆಂಟು, ಬರುವ ರವಿವಾರ. ಅಜ್ಜಿಯ ಗದ್ದೆಯೇ ಎಲ್ಲಕ್ಕಿಂತ ಸಮತಟ್ಟು, ಪಿಚ್ಚು ಅಲ್ಲೇ. ಶನಿವಾರ ಟ್ರಾಕ್ಟರ್ ತಂದು ಮಟ್ಟ ಮಾಡುವವರಿದ್ದರು. ತಂಡದ ಕ್ಯಾಪ್ಟನ್ ನನ್ನ ಹಳೇ ವಿದ್ಯಾರ್ಥಿ. ಈಗ ಸ್ವಂತ ಟೆಂಪೋ ಓಡಿಸುತ್ತಾನೆ, ಮೀಸೆ ಬಿಟ್ಟಿದ್ದಾನೆ. ಏಳರ ಮಗ್ಗಿ ಇವತ್ತಿಗೂ ಬರುವುದಿಲ್ಲ ಎಂಬುದು ನನಗೆ ಗೊತ್ತು.

"ಪಿಚ್ಚು ಪಕ್ಕದ ಗದ್ದೆಗೆ ಒಯ್ಯೋ" ಎಂದೆ.

"ಆ ಗದ್ದೆಯಲ್ಲಿ ಚೆಂಡು ಏಳೂದಿಲ್ಲ ಅಕ್ಕೋರೆ. ಒಂದು ಗುಬ್ಬಿ ಸಲುವಾಗಿ..."

"ಅದು ಗುಬ್ಬಿ ಅಲ್ಲ, ನೆಲಗುಬ್ಬಿ!"

"ಹಂಗಾರೆ ಒಂದು ಕೆಲ್ಸ ಮಾಡ್ವ. ಗೂಡನ್ನ ಎತ್ತಿ ಬೌಂಡರಿ ಆಚೆ ಇಡ್ತೇವೆ. ಅಲ್ಲಿಂದ ಮ್ಯಾಚೂ ಕಾಣ್ತದೆ ಅದ್ಕೆ."

ನಾನು ಏನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಬೈದು ಪ್ರಯೋಜನವಾಗಲಿಲ್ಲ ಎಂದಷ್ಟೇ ಬರೆಯುತ್ತೇನೆ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಕ್ರೀಡಾಕೂಟದ ಪೆಟ್ಟಿಗೆಯಿಂದ ನಾಲ್ಕು ಗೂಟ, ಒಂದು ಸುತ್ತು ಕೆಂಪು ರಿಬ್ಬನ್ ತೆಗೆದುಕೊಂಡು ಗದ್ದೆಗೆ ಹೋದೆ. ಗೂಡಿನಿಂದ ಸಾಕಷ್ಟು ದೂರ ಬಿಟ್ಟು ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದು ರಿಬ್ಬನ್ ಕಟ್ಟಿದೆ. ಆಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ಹಿಂದೆ ನಿಂತು, ಪುಸ್ತಕದಲ್ಲಿ ಬರೆದುಕೊಂಡೆ. ನಾನು ಬರೆದದ್ದು ಏಳರ ಮಗ್ಗಿ. ಯಾರಿಗೂ ಒಂದು ಮಾತಿನ ಸುಳ್ಳು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನಾನು ಬಸ್ಸು ಹತ್ತುವಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿತ್ತು: ಅಳತೆ ಆಯಿತು, ಗೂಟ ಬಿತ್ತು. ರಸ್ತೆ ಎಂದು ಕೆಲವರು, ರೈಲು ಎಂದು ಕೆಲವರು. ಟ್ರಾಕ್ಟರಿನವನು ಸರಕಾರಿ ಗೂಟ ಇರುವಲ್ಲಿಗೆ ಬರುವುದಿಲ್ಲ ಎಂದುಬಿಟ್ಟ. ಮೂರು ವರ್ಷ ನನ್ನನ್ನು ಗೋಳಾಡಿಸಿದ ತಪ್ಪು ತಿಳುವಳಿಕೆ ಒಂದು ದಿನವಾದರೂ ಕೆಲಸಕ್ಕೆ ಬಂತಲ್ಲ ಎಂದು ನಾನು ಕಿಟಕಿ ಪಕ್ಕ ಕೂತು ನಗುತ್ತ ಮನೆಗೆ ಹೋದೆ.

ಶನಿವಾರ ಬೆಳಿಗ್ಗೆ ಶಾಲೆಗೆ ಬಂದಾಗ ಅಜ್ಜಿ ಗೇಟಿನಲ್ಲಿ ನಿಂತಿದ್ದಳು. ಕೈಯಲ್ಲಿ ಹಾರೆ ಇತ್ತು. ಕಣ್ಣು ಕೆಂಪಾಗಿತ್ತು.

"ಅಕ್ಕೋರೆ, ಗೂಟ ಹೊಡೆದವ್ರು ನೀವಂತೆ, ಹೌದಾ? ನನ್ನ ತವರ್ಮನೆ ಊರು ನೌಕಾನೆಲೆಗೆ ಹೋತು. ಅಲ್ಲೂ ಮೊದ್ಲು ಬಂದದ್ದು ಹಿಂಗೇ ಕೆಂಪು ಬಟ್ಟೆ ಕಟ್ಟಿದ ಗೂಟವೇ. ಆ ಗೂಟ ನಾ ನೋಡಿ ಸುಮ್ಗೆ ಕೂತಿದ್ದೆ. ಈ ಸಲ ಕೂರೂದಿಲ್ಲ. ನಿಮ್ಮೆದ್ರಿಗೇ ಕೀಳ್ತೆ ಹೇಳಿ ಕಾದು ನಿಂತೆ."

ನನ್ನ ನಗು ಅಲ್ಲೇ ಸತ್ತಿತು. ಇಷ್ಟು ದಿನ ಊರವರ ಮೇಲೆ ಸಿಟ್ಟು ಮಾಡಿದ್ದೆ. ಅವತ್ತು ಮೊದಲ ಬಾರಿಗೆ ನನ್ನ ಮೇಲೆ ಸಿಟ್ಟು ಬಂತು. ಸ್ಟ್ಯಾಂಡ್ ಕಂಡರೆ, ಪುಸ್ತಕ ಕಂಡರೆ ಈ ಜನ ಯಾಕೆ ಗಾಬರಿ ಬೀಳುತ್ತಾರೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅಜ್ಜಿಯ ಕೈ ಹಿಡಿದು ಗದ್ದೆಯ ಬದುವಿಗೆ ಕರೆದುಕೊಂಡು ಹೋದೆ. ಎಲ್ಲ ಹೇಳಿದೆ. ಕ್ಯಾಮರಾದಲ್ಲಿ ದೂರದಿಂದಲೇ ಗೂಡಿನ ಮೇಲೆ ಕೂತ ಹಕ್ಕಿಯನ್ನು ತೋರಿಸಿದೆ. ತಪ್ಪಾಯಿತು ಎಂದೆ. "ಬೇಕಾದರೆ ಈಗಲೇ ಕಿತ್ತುಬಿಡಿ" ಎಂದೆ.

ಅಜ್ಜಿ ಬಹಳ ಹೊತ್ತು ಕ್ಯಾಮರಾದೊಳಗೆ ನೋಡಿದಳು. "ಹೊಟ್ಟೆ ಅಡಿಗೆ ಎಷ್ಟದೆ?"

"ಎರಡು."

"ಇದೂ ನನ್ನ ಹಂಗೇ, ಏಳೂದೇ ಇಲ್ಲ ಹೇಳಿ ಕೂತದೆ" ಎಂದು ಹಾರೆಯನ್ನು ಬದುವಿನ ಮೇಲೆ ಅಡ್ಡ ಇಟ್ಟು, ಅದರ ಪಕ್ಕ ತಾನೂ ಕೂತಳು. ಎಲೆ ಅಡಿಕೆಯ ಕವಳದ ಸಂಚಿ ಬಿಚ್ಚಿದಳು. ಕ್ಯಾಪ್ಟನ್ ಮೀಸೆ ತಿರುವುತ್ತ ಬಂದ.

"ಅಜ್ಜಿ, ನಾಳೆ ಮ್ಯಾಚು. ಗೂಟ ತೆಗೀಲಾ?"

"ಮುಟ್ಬೇಡ. ಈ ಜಾಗಕ್ಕೆ ಸ್ಟೇ ಬಂದದೆ."

ಕೋರ್ಟಿನ ಸ್ಟೇ ಎಂದರೆ ನಮ್ಮ ಕಡೆ ಆಟದ ಮಾತಲ್ಲ. ಕ್ಯಾಪ್ಟನ್ ಎರಡು ಹೆಜ್ಜೆ ಹಿಂದೆ ಸರಿದ. "ಯಾರ ಹೆಸ್ರಲ್ಲಿ?"

"ಒಳಗೆ ಕೂತದೆ ನೋಡು, ಅದರ ಹೆಸ್ರಲ್ಲಿ."

"ಅಲ್ಲ ಅಜ್ಜಿ, ವಕೀಲ್ರು ಯಾರು?"

ಗಂಡು ನೆಲಗುಬ್ಬಿ ಆಗ ತಲೆಯ ಮೇಲೆ, ಎಲ್ಲೋ ಬಿಸಿಲಿನೊಳಗೆ, ಉಸಿರು ಬಿಡದೆ ಹಾಡುತ್ತಿತ್ತು. ಅಜ್ಜಿ ಅಡಿಕೆ ಹೋಳು ಹಿಡಿದ ಕೈಯನ್ನೇ ಮೇಲೆತ್ತಿ ತೋರಿಸಿದಳು.

"ಹೈಕೋರ್ಟಲ್ಲಿ ವಾದ ಮಾಡ್ತಾ ಅವ್ನೆ. ಕೇಳೂದಿಲ್ಲನಾ?"

ಪಿಚ್ಚು ಪಕ್ಕದ ಗದ್ದೆಗೆ ಹೋಯಿತು. ಚೆಂಡು ಏಳಲಿಲ್ಲ, ಆದರೂ ಟೂರ್ನಮೆಂಟು ನಡೆಯಿತು. ಗೂಟಗಳ ಒಳಗೆ ಚೆಂಡು ಬಿದ್ದರೆ ಎರಡು ರನ್ನು, ತರಲು ಅಜ್ಜಿಯೊಬ್ಬಳೇ ಹೋಗಬೇಕು, ಆ ಚೆಂಡು ಸಿಕ್ಕಾಗ ಸಿಕ್ಕಿತು ಎಂದು ನಿಯಮವಾಯಿತು. ದಿನವಿಡೀ ಮೈಕಿನಲ್ಲಿ, "ಬಲವಾದ ಹೊಡೆತ... ಚೆಂಡು ಗಾಳಿಯಲ್ಲಿ... ಚೆಂಡಿಗೆ ಸ್ಟೇ!" ಎಂದು ಕೇಳುತ್ತಿತ್ತು. ಅಜ್ಜಿ ಆರು ಚೆಂಡನ್ನು ಸಂಜೆಯ ತನಕ ಸೆರಗಿನಲ್ಲಿ ಕಟ್ಟಿಕೊಂಡೇ ಕೂತಿದ್ದಳು. ಫೈನಲ್ ಪಂದ್ಯ ಚೆಂಡಿಲ್ಲದೆ ಅರ್ಧ ತಾಸು ನಿಂತಿತು.

ಮೂರು ವಾರಕ್ಕೆ ಮರಿಗಳು ಗೂಡು ಬಿಟ್ಟವು. ಆ ವಾರದ ರವಿವಾರ ಬೆಳಿಗ್ಗೆ ಗಂಡು ಹಕ್ಕಿ ಆಕಾಶದಿಂದ ಇಳಿದು, ಹೆಂಟೆಯ ಮೇಲಲ್ಲ, ನನ್ನ ಗೂಟದ ತುದಿಯ ಮೇಲೆ ಕೂತಿತು. ಜುಟ್ಟು ಎದ್ದಿತು. ಕೊಕ್ಕು ತೆರೆಯಿತು. ಪೊಲೀಸರಿಲ್ಲ, ಹಾಲಿನವರಿಲ್ಲ, ಝೆರಾಕ್ಸ್ ಇಲ್ಲ. ಫೋಟೋ ಸಿಕ್ಕಿತು. ನಾನು ಬದುವಿನ ಮೇಲೆ ಕೂತುಬಿಟ್ಟೆ.

ಮೊದಲ ಪ್ರಿಂಟು ಅಜ್ಜಿಗೇ ಒಯ್ದೆ. ಅವಳು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಗೂಟ ಚಲೋ ಬಂದದೆ" ಎಂದಳು.

ಮೂರು ವರ್ಷದ ಸಿಟ್ಟೆಲ್ಲ ಒಟ್ಟಾಗಿ ನೆತ್ತಿಗೇರಿತು. "ಅಜ್ಜೀ, ಜುಟ್ಟು ನೋಡಿ, ಜುಟ್ಟು!" ಎಂದು ಕೂಗಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಗದ್ದೆಯ ಪಹಣಿ ಬಿಚ್ಚಿ, ಅದರ ನಡುವೆ ಫೋಟೋವನ್ನು ಮಡಚದೆ ಜೋಪಾನವಾಗಿ ಇಟ್ಟಳು.

"ಮುಂದಿನ ಸಲ ಖರೇ ಅಳ್ತೆಯವ್ರು ಬಂದ್ರೆ ಇದ್ನೇ ತೋರ್ಸುದು, ಅಕ್ಕೋರೆ. ಅಳ್ತೆ ಆಗ್ಹೋಗದೆ, ಗೂಟವೂ ಬಿದ್ದದೆ, ಜಾಗ ಇವನ ಹೆಸ್ರಿಗೆ ಅದೆ. ತಕರಾರು ಇದ್ರೆ ಮೇಲೆ ಹೋಗಿ ಇವ್ನ ಹತ್ರವೇ ಮಾತಾಡ್ಲಿ."